‘ಎರಡು ಸಾಲು ಹಾಡಿ ಸರ್’

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದಿನ ವಿಜಯದಶಮಿ. ಮೈಸೂರಿನ ಹಿರಿಯ ಪಿಟೀಲು ವಾದಕರೊಬ್ಬರನ್ನು ಸ್ಟುಡಿಯೋಗೆ ಕರೆಸಿದ್ದೆವು. ದೊಡ್ಡ ಹೆಸರಲ್ಲ. ಐವತ್ತು ವರ್ಷ ಬೇರೆಯವರ ಪಕ್ಕದಲ್ಲಿ ಕೂತು ನುಡಿಸಿದವರು. ‘ಸರ್, ನಿಮ್ಮನ್ನ ಸಂಗೀತಕ್ಕೆ ಎಳೆದ ಹಾಡು ಯಾವುದು?’ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಡು ಅನ್ನೋದಕ್ಕಿಂತ... ನಮ್ಮ ಬೀದೀಲಿ ಬೆಳಿಗ್ಗೆ ಒಬ್ಬಾಕೆ ನೀರು ಸೇದ್ತಾ...’ ಅಂದರು. ಅಷ್ಟರಲ್ಲಿ ನನ್ನ ಕಿವಿಯಲ್ಲಿ ದನಿ: ಬ್ರೇಕ್ ತಗೊಳ್ಳಿ, ಹತ್ತು ಸೆಕೆಂಡ್! ನಾನು ನಗುತ್ತಲೇ, ‘ಎರಡೇ ಎರಡು ಸಾಲು ಹಾಡಿಬಿಡಿ ಸರ್, ಆಮೇಲೆ ಒಂದು ಚಿಕ್ಕ ವಿರಾಮ’ ಅಂದೆ. ಅವರು ಏನೋ ಎರಡು ಸಾಲು ಹಾಡಿದರು. ವಿರಾಮ ಮುಗಿಯುವಷ್ಟರಲ್ಲಿ ಜಂಬೂ ಸವಾರಿ ಹೊರಟಿತ್ತು, ನೇರಪ್ರಸಾರ ಬಂತು. ಅವರು ಕಾಫಿ ಕುಡಿದು ಮನೆಗೆ ಹೋದರು.

ಆ ಹೆಂಗಸು ಯಾರು? ಯಾವ ಬೀದಿ? ಏನು ಹಾಡ್ತಿದ್ದಳು? ಅವರು ತೀರಿಕೊಂಡ ಮೇಲೆ ಅವರ ಶಿಷ್ಯರೊಬ್ಬರನ್ನು ಕೇಳಿದೆ. ‘ಯಾವ ಹೆಂಗಸು ಸರ್? ನಮಗೆ ಯಾವತ್ತೂ ಹೇಳಿಲ್ವಲ್ಲ’ ಅಂದರು.

ಇದೆಲ್ಲ ನೆನಪಾಗಿದ್ದು ಮೊನ್ನೆ ಮೈಸೂರಿನ ಕುವೆಂಪುನಗರದಲ್ಲಿ. ಪರಿಚಯದ ಹುಡುಗನೊಬ್ಬ ಪಾಡ್‌ಕಾಸ್ಟ್ ಮಾಡ್ತಾನೆ, ಬಂದು ನೋಡಿ ಅಂದ, ಹೋದೆ. ಮಹಡಿ ಮನೆಯ ಒಂದು ಕೋಣೆ. ಕಿಟಕಿಗೆ ಎರಡು ಕಂಬಳಿ ಹೊದಿಸಿದ್ದಾನೆ, ಬೀದಿಯ ಸ್ಕೂಟರ್ ಸದ್ದು ಬರದಿರಲಿ ಅಂತ. ಫ್ಯಾನ್ ಆಫ್. ಎರಡು ಮೈಕ್, ಒಂದು ಲ್ಯಾಪ್‌ಟಾಪ್. ಎದುರಿಗೆ ಮೃದಂಗದ ಒಬ್ಬ ಹಿರಿಯರು, ಬೆವರು ಒರೆಸಿಕೊಳ್ತಾ ಕೂತಿದ್ದಾರೆ. ಹುಡುಗ ಕೇಳೋದು ಒಂದೇ ಪ್ರಶ್ನೆ, ನಿಮ್ಮನ್ನು ರೂಪಿಸಿದ ಹಾಡು ಯಾವುದು. ಆಮೇಲೆ ಬಾಯಿ ಮುಚ್ಚಿಕೊಂಡು ಒಂದೂವರೆ ಗಂಟೆ ಕೂತಿದ್ದ! ನನಗೆ ಅಸೂಯೆ ಆಯ್ತು ಅಂದ್ರೆ ಸುಳ್ಳಲ್ಲ.

ಪಾಡ್‌ಕಾಸ್ಟ್ ಅಂದ್ರೆ ಏನಪ್ಪ ಅಂತ ಕೇಳುವ ಹಿರಿಯ ವೀಕ್ಷಕರಿಗೆ ಸುಲಭವಾಗಿ ಹೇಳೋದಾದ್ರೆ, ಅದು ನಿಮಗಾಗಿ ಕಾಯುವ ರೇಡಿಯೋ. ಎಂಟು ಗಂಟೆಗೆ ನೀವು ರೇಡಿಯೋ ಮುಂದೆ ಇರಬೇಕಿಲ್ಲ. ಮೊಬೈಲ್‌ನಲ್ಲಿ ಬೇಕಾದಾಗ ಹಾಕಿ, ಬೇಡವಾದಾಗ ನಿಲ್ಲಿಸಿ. ಅಷ್ಟೇ.

ಆ ಪ್ರಶ್ನೆ ಮಾತ್ರ ಹಳೆಯದು. ಬಿಬಿಸಿ ರೇಡಿಯೋದಲ್ಲಿ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಅಂತ ಒಂದು ಕಾರ್ಯಕ್ರಮ ಇದೆ. 1942ರ ಜನವರಿ 29ಕ್ಕೆ, ಯುದ್ಧ ನಡೀತಿದ್ದಾಗ ಶುರುವಾದದ್ದು, ಇವತ್ತಿಗೂ ನಡೀತಿದೆ. ರಾಯ್ ಪ್ಲಮ್ಲಿ ಅನ್ನೋರ ಕಲ್ಪನೆ. ನಿಮ್ಮನ್ನು ಒಂದು ನಿರ್ಜನ ದ್ವೀಪದಲ್ಲಿ ಬಿಟ್ಟುಬಿಡ್ತಾರೆ, ಎಂಟು ಹಾಡು ಮಾತ್ರ ಜೊತೆಗೆ ಒಯ್ಯಬಹುದು, ಯಾವುದು ಹೇಳಿ! ನಮ್ಮಲ್ಲೂ ಇತ್ತಲ್ಲ? 1957ರಲ್ಲಿ ಶುರುವಾದ ವಿವಿಧ ಭಾರತಿಯಲ್ಲಿ ಸೈನಿಕರಿಗಾಗಿ ಬರುತ್ತಿದ್ದ ‘ವಿಶೇಷ ಜಯಮಾಲಾ’. ಸಿನಿಮಾದವರು ಬಂದು ತಮಗೆ ಇಷ್ಟವಾದ ಹಾಡು ಹಾಕಿಸಿ ಮಾತಾಡ್ತಿದ್ದರು. ನಮ್ಮ ತಂದೆ ಅದನ್ನ ಹಾಡಿಗಿಂತ ಹೆಚ್ಚಾಗಿ ಮಾತಿಗೆ ಅಂತಲೇ ಕೇಳ್ತಿದ್ದರು.

ಆದರೆ ‘ನಿಮಗೆ ಇಷ್ಟವಾದ ಹಾಡು ಯಾವುದು’ ಬೇರೆ, ‘ನಿಮ್ಮನ್ನು ಮಾಡಿದ ಹಾಡು ಯಾವುದು’ ಬೇರೆ. ಮೊದಲನೆಯದಕ್ಕೆ ಉತ್ತರ ಒಂದು ಪಟ್ಟಿ. ಎರಡನೆಯದಕ್ಕೆ ಉತ್ತರ ಒಂದು ಊರು, ಒಂದು ಅಂಗಡಿ, ಒಂದು ವಯಸ್ಸು. ನಮ್ಮ ಕರ್ನಾಟಕದವರದ್ದೇ ಉದಾಹರಣೆ ಕೊಡ್ತೀನಿ.

ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿದ ಗದಗದ ಹುಡುಗ. ಅಬ್ದುಲ್ ಕರೀಂ ಖಾನ್ ಹಾಡಿದ್ದ ಝಿಂಝೋಟಿ ಠುಮ್ರಿಯ ಒಂದು ಗ್ರಾಮಫೋನ್ ತಟ್ಟೆ ಅಂಗಡಿಯಲ್ಲಿ ಕಿವಿಗೆ ಬಿತ್ತು. ಆ ಕಾಲದ ತಟ್ಟೆ ಅಂದ್ರೆ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ, ಅಷ್ಟೇ. ಆ ಮೂರು ನಿಮಿಷ ಆ ಹುಡುಗನನ್ನು ಮನೆಯಲ್ಲಿ ನಿಲ್ಲೋದಕ್ಕೆ ಬಿಡಲಿಲ್ಲ. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಓಡಿಹೋದರು. ಟಿಕೆಟ್ ಇಲ್ಲದ ರೈಲು ಪ್ರಯಾಣ, ಗ್ವಾಲಿಯರ್, ಜಲಂಧರ್, ಉತ್ತರದ ಊರೂರು. ಕೊನೆಗೆ ಸಿಕ್ಕ ಗುರು ಎಲ್ಲಿದ್ದರು? ಮನೆಯ ಹತ್ತಿರದ ಕುಂದಗೋಳದಲ್ಲಿ! ಸವಾಯಿ ಗಂಧರ್ವರು, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯ.

ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಗ್ರಾಮಫೋನ್ ಸದ್ದು ಕೇಳಿದರೆ ಸಾಕು, ಬೀದಿಗೆ ಓಡ್ತಿದ್ದರಂತೆ. ಆದರೆ ಅವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಬೇರೆಯೇ ಸಂಗತಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯೋಕೆ ಶುರು ಮಾಡಿದಾಗ, ತನ್ನ ಹಾಡಿನ ಛಾಯೆ ಮಗಳ ಗಂಟಲಿಗೆ ಬೀಳಬಾರದು ಅಂತ ತಾಯಿ ಹಾಡೋದನ್ನೇ ನಿಲ್ಲಿಸಿಬಿಟ್ಟರು. ಈಗ ಹೇಳಿ, ಗಂಗೂಬಾಯಿಯವರನ್ನು ರೂಪಿಸಿದ ಹಾಡು ಬೀದಿಯಲ್ಲಿ ಕೇಳಿದ್ದೋ, ಮನೆಯಲ್ಲಿ ನಿಂತುಹೋದದ್ದೋ?

ಬೆಳಗಾವಿ ಕಡೆಯ ಸುಳೇಭಾವಿಯ ಕುಮಾರ ಗಂಧರ್ವರದ್ದು ಇನ್ನೊಂದು ಥರ. ಚಿಕ್ಕ ಹುಡುಗ ಇದ್ದಾಗಲೇ ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಇದ್ದ ಹಾಗೇ ಹಾಡ್ತಿದ್ದ ಬಾಲ ಪ್ರತಿಭೆ. ಇಪ್ಪತ್ತು ದಾಟಿದ ಮೇಲೆ ಕ್ಷಯ ಬಂತು. ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಸಿಗೆ, ಹಾಡೋ ಹಾಗಿಲ್ಲ ಅಂತ ವೈದ್ಯರ ಕಟ್ಟಪ್ಪಣೆ. ಹಾಡಲಾರದವರು ಕೇಳೋದಕ್ಕೆ ಶುರು ಮಾಡಿದರು. ಕಿಟಕಿಯಾಚೆ ಮಾಳವದ ಹೆಂಗಸರ ಪದ, ಬೀದಿಯಲ್ಲಿ ಹೋಗುತ್ತಿದ್ದ ಜೋಗಿಯ ಬಾಯಲ್ಲಿ ಕಬೀರನ ನಿರ್ಗುಣಿ ಭಜನೆ. ಕಾಯಿಲೆಯಿಂದ ಎದ್ದ ಮೇಲೆ ಬಂದ ಕುಮಾರ ಗಂಧರ್ವ ಬೇರೆಯೇ ಗಾಯಕ.

ಮನಃಶಾಸ್ತ್ರದವರು ಹೇಳುವ ಒಂದು ಮಾತಿದೆ. ವಯಸ್ಸಾದ ಮೇಲೆ ಜನರಿಗೆ ಅತಿ ಹೆಚ್ಚು ನೆನಪಿರೋದು ಸುಮಾರು ಹತ್ತರಿಂದ ಮೂವತ್ತರ ನಡುವಿನ ಸಂಗತಿಗಳು. ಹಾಡುಗಳ ವಿಷಯದಲ್ಲೂ ಹಾಗೇ. ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಅವರನ್ನೇ ನೋಡಿ. ಸೂಕ್ಷ್ಮಜೀವಿ ಶಾಸ್ತ್ರ ಓದುತ್ತಾ ಭರತನಾಟ್ಯ ಕಲಿತ ಹುಡುಗ, ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ ಗೆಳೆಯನೊಬ್ಬ ಹಾಕಿದ ಸವಾಲಿಗೆ. ಈಗ ಅದೇ ಗಿಟಾರ್ ಜೊತೆ ಶಿಶುನಾಳ ಷರೀಫರ ತತ್ವಪದ ಲಂಡನ್ನಿನವರೆಗೂ ಹೋಗಿದೆ.

ಇನ್ನೊಬ್ಬರು ಪಂಡಿತ್ ರಾಜೀವ ತಾರಾನಾಥ್, ಮೈಸೂರಿನಲ್ಲಿ ನೆಲೆಸಿದ್ದ ಸರೋದ್ ವಾದಕರು. ಮೊದಲು ಹಾಡುಗಾರ, ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು. 1950ರ ದಶಕದಲ್ಲಿ ಬೆಂಗಳೂರಿನ ಒಂದು ಕಛೇರಿಯಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಕೇಳಿದರು. ಜೀವನದ ದಾರಿಯೇ ತಿರುಗಿತು, ಗುರುವನ್ನು ಅರಸಿ ಕಲ್ಕತ್ತೆಗೆ ಹೋದರು. ‘ಸಂಸ್ಕಾರ’, ‘ಪಲ್ಲವಿ’ ಸಿನಿಮಾಗಳ ಸಂಗೀತ ಅವರದ್ದೇ. 2024ರ ಜೂನ್ 11ಕ್ಕೆ, 91ನೇ ವಯಸ್ಸಿಗೆ ತೀರಿಕೊಂಡರು. ಆ ಕಛೇರಿಯ ಕಥೆ ನಮಗೆ ಗೊತ್ತಿರೋದು ಹೇಗೆ? ಯಾರೋ ಕೂತು ಕೇಳಿದರು, ಅವರು ಹೇಳಿದರು.

ಯಾರೂ ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೂ ಮೈಸೂರೇ ಸಾಕ್ಷಿ. ಗೌಹರ್ ಜಾನ್ ಹೆಸರು ಕೇಳಿದ್ದೀರಾ? 1902ರಲ್ಲಿ ಭಾರತದಲ್ಲಿ ಗ್ರಾಮಫೋನ್ ತಟ್ಟೆಗಳು ಬಂದಾಗ ಮೊದಲು ಹಾಡಿದವರಲ್ಲಿ ಒಬ್ಬರು, ದೇಶದ ಮೊದಲ ರೆಕಾರ್ಡಿಂಗ್ ತಾರೆ. ಸುಮಾರು 600 ತಟ್ಟೆಗಳು ಅಂತ ಲೆಕ್ಕ. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳ್ತಿದ್ದರು, ತಟ್ಟೆ ತಯಾರಿಸುವವರಿಗೆ ಹಾಡಿದ್ದು ಯಾರು ಅಂತ ಗೊತ್ತಾಗಲಿ ಅಂತ. ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಅಷ್ಟು ತಟ್ಟೆಗಳಲ್ಲಿ ಹಾಡು ಬೇಕಾದಷ್ಟಿದೆ. ಮಾತು ಅಂತ ಇರೋದು ಆ ಹೆಸರು ಒಂದೇ.

ಮೈಸೂರಿನಲ್ಲಿ ಆಗ ರೇಡಿಯೋ ಇರಲಿಲ್ಲ. ಬಂದದ್ದು ಐದು ವರ್ಷದ ಮೇಲೆ, 1935ರ ಸೆಪ್ಟೆಂಬರ್ 10ಕ್ಕೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಒಂದು 30 ವಾಟ್ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಶುರು ಮಾಡಿದ್ದು. ‘ಆಕಾಶವಾಣಿ’ ಅನ್ನೋ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಕಂಬಳಿ ಹೊದಿಸಿದ ಕೋಣೆಯಲ್ಲಿ ಕೂತಾಗ ನನಗೆ ಅದೇ ನೆನಪು. ಮನೆಯ ಕೋಣೆಯಿಂದ ಊರಿಗೆ ಮಾತಾಡೋದು ಮೈಸೂರಿಗೆ ಹೊಸದೇನಲ್ಲ.

ಕುವೆಂಪುನಗರಕ್ಕೂ ಸಂಗೀತಕ್ಕೂ ನಂಟಿದೆ. (ಕುವೆಂಪು ಇದ್ದದ್ದು ಇಲ್ಲಲ್ಲ, ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ. ಹೊರಗಿನವರು ಇಲ್ಲಿ ಬಂದು ಕವಿಮನೆ ಎಲ್ಲಿ ಅಂತ ಹುಡುಕಬೇಡಿ.) ಗಾನಭಾರತಿಯ ವೀಣೆ ಶೇಷಣ್ಣ ಭವನ ಇರೋದು ಇದೇ ಬಡಾವಣೆಯಲ್ಲಿ. ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ, ಅವರಿಗೂ ಊರಿನ ರೇಡಿಯೋ ಸಿಗಲಿಲ್ಲ. ಈಗ ಅವರ ಹೆಸರಿನ ಭವನದಲ್ಲಿ ಕಛೇರಿ ನಡೆಯುತ್ತೆ. ಮುಗಿದ ಮೇಲೆ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಹಿರಿಯರು ಆಡೋ ಮಾತು ಕೇಳಬೇಕು ನೀವು! ಯಾರು ಯಾವ ವರ್ಷ ಯಾವ ರಾಗ ಹಾಡಿದರು, ಯಾರ ತಾಳ ತಪ್ಪಿತು, ಎಲ್ಲ ನಾಲಿಗೆ ತುದಿಯಲ್ಲಿ. ಅದು ಚಪ್ಪಲಿ ಜೊತೆಗೇ ಮನೆಗೆ ಹೋಗಿಬಿಡುತ್ತೆ.

ದೊಡ್ಡವರ ಕಥೆ ಹೇಗೋ ಉಳಿಯುತ್ತೆ. ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಇದೆ, ಗಂಗೂಬಾಯಿಯವರ ‘ನನ್ನ ಬದುಕಿನ ಹಾಡು’ ಇದೆ. ಪಕ್ಕವಾದ್ಯದವರದ್ದು? ತಂಬೂರಿ ಹಿಡಿದು ಹಿಂದೆ ಕೂತವರದ್ದು? ದೇವಸ್ಥಾನದ ನಾದಸ್ವರದವರದ್ದು, ಹರಿಕಥೆಯವರದ್ದು? ಅವರಿಗೆ ಪುಸ್ತಕ ಬರೆಯೋರು ಇಲ್ಲ. ನಾವು ಟಿವಿಯವರಂತೂ ಬಿಡಿ, ಎರಡು ಸಾಲು ಹಾಡಿಸಿ ಕಳಿಸ್ತೀವಿ.

ಹಾಗಂತ ಪಾಡ್‌ಕಾಸ್ಟ್ ಎಲ್ಲವೂ ಚಿನ್ನ ಅಂತಲ್ಲ. ಮೂರು ಗಂಟೆ ಹರಟೆ, ಮೇಲೆ ಕಣ್ಣೀರು ಹಾಕುತ್ತಿರುವ ಫೋಟೋ, ಕೆಂಪು ಅಕ್ಷರ. ಅದನ್ನ ಅವರು ಕಲಿತದ್ದು ನಮ್ಮನ್ನ ನೋಡಿಯೇ, ಬಯ್ಯೋ ಹಕ್ಕು ನನಗಿಲ್ಲ.

ಆ ಹುಡುಗನಿಗೆ ನಾನು ಕೇಳಿದೆ, ‘ಅವರು ಹೇಳಿದ ಹಾಡನ್ನ ಮಧ್ಯೆ ಹಾಕಬಹುದಲ್ಲಪ್ಪ?’ ‘ಹಾಕಿದ್ರೆ ಎಪಿಸೋಡೇ ಹೋಗುತ್ತೆ ಸರ್’ ಅಂದ. ಇದು ಬಹಳ ಜನರಿಗೆ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ. ಸಾಹಿತ್ಯದ ಹಕ್ಕು, ಸ್ವರಸಂಯೋಜನೆಯ ಹಕ್ಕು ಬೇರೆ ಬೇರೆ, ಅವು ಬರೆದವರು ತೀರಿಕೊಂಡ ಮೇಲೂ 60 ವರ್ಷ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೂ ಇರುತ್ತೆ. ರೇಡಿಯೋದವರಿಗೆ ಕಾಯ್ದೆಯಲ್ಲೇ ಒಂದು ದಾರಿ ಇದೆ, ನಿಗದಿಯಾದ ಹಣ ಕಟ್ಟಿ ಹಾಡು ಹಾಕಬಹುದು. ಆ ದಾರಿ ಇಂಟರ್‌ನೆಟ್ ಸಂಗೀತ ಸೇವೆಗಳಿಗೆ ಅನ್ವಯಿಸಲ್ಲ ಅಂತ 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ‘ಮೂವತ್ತು ಸೆಕೆಂಡ್ ಹಾಕಿದ್ರೆ ಏನೂ ಆಗಲ್ಲ’ ಅಂತಾರಲ್ಲ, ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ಬಿಬಿಸಿಯ ಆ ಕಾರ್ಯಕ್ರಮ ಪಾಡ್‌ಕಾಸ್ಟ್ ಆಗಿ ಬಂದಾಗಲೂ ಹಾಡುಗಳನ್ನು ತುಂಡು ಮಾಡಬೇಕಾಯ್ತು.

ಹಾಗಾಗಿ ಅತಿಥಿಯೇ ಗುನುಗಬೇಕು. ಮೊದಲು ನನಗೆ ಇದು ಕೊರತೆ ಅನ್ನಿಸಿತು. ಆ ಮೃದಂಗದವರು ಗುನುಗಿದ್ದು ಕೇಳಿದ ಮೇಲೆ ಹಾಗನ್ನಿಸಲಿಲ್ಲ. ಅವರಿಗೆ ಸಾಹಿತ್ಯ ಪೂರ್ತಿ ಮರೆತಿತ್ತು. ನೆನಪಿದ್ದದ್ದು ಹಾಡಿನ ನಡುವೆ ಒಂದು ಕಡೆ ಪೆಟ್ಟು ಹಿಂದೆ ಸರಿಯೋ ಜಾಗ ಮಾತ್ರ. ಅದನ್ನೇ ತೊಡೆಯ ಮೇಲೆ ತಟ್ಟಿ ತೋರಿಸಿದರು, ಮತ್ತೆ ಮತ್ತೆ. ಮೂಲ ಮುದ್ರಿಕೆ ಹಾಕಿದ್ದರೆ ನಾವು ಹಾಡು ಕೇಳಿಬಿಡ್ತಿದ್ವಿ, ಅವರಿಗೆ ಏನು ಕೇಳಿಸಿತ್ತು ಅನ್ನೋದು ಗೊತ್ತಾಗ್ತಿರಲಿಲ್ಲ.

ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯಲ್ಲೇ, ಅಂಥವರು ಒಬ್ಬರಾದರೂ ಇರ್ತಾರೆ. ಸ್ಟುಡಿಯೋ ಬೇಡ, ಮೊಬೈಲ್ ಸಾಕು. ಫ್ಯಾನ್ ನಿಲ್ಲಿಸಿ, ಫೋನನ್ನು ಅವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲೆ ಇಡಿ, ಫ್ಲೈಟ್ ಮೋಡ್‌ಗೆ ಹಾಕಿ. ಮೊದಲೇ ಅನುಮತಿ ಕೇಳಿ. ಶುರುವಿನಲ್ಲಿ ತಾರೀಖು, ಊರು, ಹೆಸರು ನೀವೇ ಹೇಳಿ, ಗೌಹರ್ ಜಾನ್ ಹೇಳಿದ ಹಾಗೆ. ಯಾವ ಹಾಡು ಅಂತ ಮಾತ್ರ ಕೇಳಬೇಡಿ. ಎಲ್ಲಿ ಕೇಳಿದಿರಿ, ಯಾರು ಜೊತೆಗಿದ್ದರು, ಅವತ್ತು ಮನೆಗೆ ಹೋಗಿ ಏನು ಮಾಡಿದಿರಿ ಅಂತ ಕೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಆಮೇಲೆ ಅದನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ, ಫೋನ್ ಬಿದ್ದು ಒಡೆಯೋದಕ್ಕೆ ಎಷ್ಟು ಹೊತ್ತು?

ಕುವೆಂಪುನಗರದ ಹುಡುಗನಿಗೆ ಮುಂದಿನ ವಾರಕ್ಕೆ ನಾದಸ್ವರದವರು ಒಬ್ಬರು ಒಪ್ಪಿದ್ದಾರೆ. ಮಧ್ಯಾಹ್ನ ಮೂರು ಗಂಟೆಗೆ, ಪಕ್ಕದ ಸೈಟಿನ ಗಾರೆ ಕೆಲಸದವರು ಊಟಕ್ಕೆ ಕೂತಾಗ.