ಕಲಿಕೆಯೂ ಮಿದುಳಿನ ಅಲೆಗಳೂ



ಹೊನ್ನಾವರ ತಾಲ್ಲೂಕಿನ ಮಂಕಿಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ಮನೆಮಾತಾಗಿ ಆಡುವ ಮಗುವೊಂದು ಕನ್ನಡ ಶಾಲೆಗೆ ಸೇರಿತೆನ್ನಿ. ಎರಡು ತಿಂಗಳಾದರೂ ಅದು ಬಾಯಿ ಬಿಡದಿದ್ದರೆ, ‘ಇದರ ತಲೆಗೆ ಏನೂ ಹತ್ತಲಿಲ್ಲ’ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ನ್ಯಾಯವೇ? ತಲೆಗೆ ಹತ್ತಿದುದನ್ನು ನಾಲಗೆಗೆ ಬರುವ ಮೊದಲೇ ಅರಿಯುವ ಉಪಾಯವುಂಟೇ?

ಬಾನುಲಿಗೂ ಮನಶ್ಶಾಸ್ತ್ರಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆದರೆ ಮಿದುಳಿನ ಅಲೆಗಳು ಬಾನುಲಿಯ ಅಲೆಗಳಂತೆ ಊರಿಂದೂರಿಗೆ ಹಾರುವುವಲ್ಲ. ನರಕೋಶಗಳ ಸಮೂಹವು ಒಟ್ಟಾಗಿ ಕೆಲಸಮಾಡುವಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತಿನ ಏರಿಳಿತಗಳವು. ನೆತ್ತಿಯ ಮೇಲೆ ದೊರೆಯುವುದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಪಾಲುಗಳು ಮಾತ್ರ. ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬೆರ್ಗರನು 1924ರಲ್ಲಿ ಇವನ್ನು ಮನುಷ್ಯನಲ್ಲಿ ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ಕಣ್ಣು ಮುಚ್ಚಿ ಸುಮ್ಮನಿರುವವನಲ್ಲಿ ಸೆಕೆಂಡಿಗೆ 8ರಿಂದ 13 ಸಲ ತೂಗುವ ಅಲೆ ಕಂಡಿತು. ಕಣ್ಣು ತೆರೆದೊಡನೆ ಅದು ಅಡಗಿತು. ಇಂದು ಆಸ್ಪತ್ರೆಗಳಲ್ಲಿ ಮೂರ್ಛೆರೋಗದ ಪರೀಕ್ಷೆಗೆ ಈ ದಾಖಲೆಯೂ ಒಂದು ಆಧಾರ.

ಕಲಿಕೆಗೆ ಇದರಿಂದೇನು? ‘ಬೆಸ್ತನು ಬಲೆಯನ್ನು ಬೀಸಿದನು’ ಎಂಬ ಮಾತು ಸಹಜ. ‘ಬೆಸ್ತನು ಬಲೆಯನ್ನು ಕುಡಿದನು’ ಎಂದರೆ? ಇಂತಹ ಅಸಂಗತವಾದ ಪದ ಬಂದ ಸುಮಾರು 400 ಮಿಲಿಸೆಕೆಂಡಿಗೆ ಅಲೆಯಲ್ಲಿ ಒಂದು ವಿಶಿಷ್ಟ ಬಾಗು ಕಾಣುವುದನ್ನು ಕುಟಾಸ್ ಮತ್ತು ಹಿಲ್ಯಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1980ರಲ್ಲಿ ತೋರಿಸಿದರು. ಕಡಲ ಮೊರೆತದಲ್ಲಿ ದೂರದ ದೋಣಿಯವನ ಕೂಗು ಒಂದೇ ಸಲಕ್ಕೆ ಕೇಳದು. ಮತ್ತೆ ಮತ್ತೆ ಕೇಳಿಬಂದರೆ ಕಿವಿ ಗುರುತಿಸೀತು. ಹಾಗೆಯೇ ಹತ್ತಾರು ಪದಗಳ ದಾಖಲೆಯನ್ನು ಕೂಡಿಸಿ ಸರಾಸರಿ ತೆಗೆದಾಗಲೇ ಈ ಬಾಗು ಸ್ಪಷ್ಟವಾಗುವುದು.

2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಫ್ರೆಂಚ್ ಕಲಿಯಲಾರಂಭಿಸಿದ ಕಾಲೇಜು ವಿದ್ಯಾರ್ಥಿಗಳಿಗೆ ಸುಮಾರು 14 ಗಂಟೆಗಳ ಪಾಠವಾಗಿತ್ತು. ನಿಜವಾದ ಪದ ಯಾವುದು, ಕಟ್ಟಿದ ಹುಸಿಪದ ಯಾವುದು ಎಂದು ಕೇಳಿದರೆ ಅವರ ಉತ್ತರ ಬರಿಯ ಊಹೆಗಿಂತ ಮೇಲಿರಲಿಲ್ಲ. ಆದರೆ ಅವರ ಮಿದುಳಿನ ಅಲೆಗಳು ಆ ಎರಡನ್ನೂ ಆಗಲೇ ಬೇರೆಬೇರೆಯಾಗಿ ಕಾಣುತ್ತಿದ್ದುವು! ನೆಲದೊಳಗೆ ಬೀಜ ಬಿರಿದಿತ್ತು. ಮೊಳಕೆ ಮಾತ್ರ ಮೇಲೆ ಬಂದಿರಲಿಲ್ಲ.

ಹಾಗೆಂದು ಪ್ರತಿಯೊಂದು ಮಗುವಿನ ತಲೆಗೂ ತಂತಿ ಕಟ್ಟಿ ಅಂಕ ಕೊಡಬಹುದೆಂದು ಭಾವಿಸಲಾಗದು. ಆ ಫಲಿತಾಂಶ ಬಂದುದು ವಯಸ್ಕರಿಂದ, ಅದೂ ಒಂದು ಗುಂಪಿನ ಸರಾಸರಿಯಿಂದ. ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಮಿದುಳಿನ ಅಲೆಯನ್ನು ಮುಳುಗಿಸುವಷ್ಟು ವಿದ್ಯುತ್ತು ಹುಟ್ಟುತ್ತದೆ. ಒಂದು ಮಗುವನ್ನು ಜಾಣನೆಂದೋ ದಡ್ಡನೆಂದೋ ವಿಂಗಡಿಸಲು ಈ ಯಂತ್ರಕ್ಕೆ ಅಧಿಕಾರವಿಲ್ಲ.

ಆದರೂ ಅದು ಉಪಾಧ್ಯಾಯರಿಗೂ ತಾಯಿತಂದೆಗಳಿಗೂ ಒಂದು ಮಾತನ್ನು ಹೇಳುತ್ತದೆ: ಮೌನವು ಅಜ್ಞಾನದ ಗುರುತೇ ಆಗಬೇಕಿಲ್ಲ. ಮಂಕಿಯ ಆ ಮಗು ಬಾಯಿ ಬಿಡುವ ತನಕ ನಾವು ತುಸು ತಾಳ್ಮೆಯಿಂದ ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕಾಯದಿದ್ದರೆ ಕಳೆದುಕೊಳ್ಳುವುದು ಆ ಮಗುವನ್ನೇ.