ಕಿರುತೆರೆಯ ತೋಟಗಾರರು, ಪಡಸಾಲೆಯ ವಿಮರ್ಶಕರು

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರು ಎಲ್ಲಿಯೇ ಸೇರಲಿ, ಮಾತು ಮೊದಲು ಹವಾಮಾನಕ್ಕೂ, ಹವಾಮಾನದಿಂದ ಹಿತ್ತಿಲಿಗೂ, ಹಿತ್ತಿಲಿನಿಂದ ಬಿ.ಬಿ.ಸಿ.ಯ ‘ಗಾರ್ಡನರ್ಸ್ ವರ್ಲ್ಡ್’ ಕಾರ್ಯಕ್ರಮಕ್ಕೂ ಹರಿಯುವುದನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ರಾಜಕೀಯದಲ್ಲಿ ಏಕಾಭಿಪ್ರಾಯವುಳ್ಳ ದಂಪತಿಗಳು ಕೂಡ ಈ ಕಾರ್ಯಕ್ರಮದ ನಿರೂಪಕರ ವಿಷಯ ಬಂದೊಡನೆ ಎರಡು ಪಕ್ಷಗಳಾಗಿಬಿಡುತ್ತಾರೆ. ಒಬ್ಬರಿಗೆ ದೇವರ ಸಮಾನನಾದ ತೋಟಗಾರ ಇನ್ನೊಬ್ಬರಿಗೆ ಬರಿಯ ಮಾತುಗಾರ. ಇಂಗ್ಲಿಷರೂ ಈ ವಿಷಯದಲ್ಲಿ ನಮಗಿಂತ ಹಿಂದೆ ಬಿದ್ದವರಲ್ಲ. ಪತ್ರಿಕೆಗಳ ಓದುಗರ ಅಂಕಣಗಳಲ್ಲಿ ತೋಟಗಾರಿಕೆಯ ನಿರೂಪಕರಿಗೆ ಸಂದಷ್ಟು ಹೊಗಳಿಕೆ, ಬೈಗುಳ ಮಂತ್ರಿಗಳಿಗೂ ಸಂದಿದೆಯೋ ಇಲ್ಲವೋ ಅನುಮಾನ. ಈ ಜಗಳ ವ್ಯಕ್ತಿಗಳನ್ನು ಕುರಿತದ್ದೆಂದು ಮೇಲುನೋಟಕ್ಕೆ ತೋರಿದರೂ, ತೋಟವೆಂದರೇನು, ಅದು ಯಾರಿಗಾಗಿ ಎಂಬ ಪ್ರಶ್ನೆಯೇ ಅದರ ತಳದಲ್ಲಿದೆಯೆಂದು ನನ್ನ ತಿಳಿವಳಿಕೆ.

ಈ ಪರಂಪರೆ ಬಹಳ ಹಿಂದಿನದು. ಸಿ. ಎಚ್. ಮಿಡ್ಲ್‌ಟನ್ ಎಂಬವರು 1931ರಿಂದ ಬಾನುಲಿಯಲ್ಲಿ ತೋಟದ ಪಾಠ ಹೇಳತೊಡಗಿದರು. 1936ರಲ್ಲಿ ದೂರದರ್ಶನ ಆರಂಭವಾದಾಗ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ಸಿನ ಆವರಣದಲ್ಲಿಯೇ ಪಾತಿ ಮಾಡಿ ಪ್ರಾತ್ಯಕ್ಷಿಕೆ ತೋರಿಸಿದರು. ‘ಗಾರ್ಡನರ್ಸ್ ವರ್ಲ್ಡ್’ ಮೊದಲ ಬಾರಿ ಪ್ರಸಾರವಾದದ್ದು 1968ರ ಜನವರಿಯಲ್ಲಿ. ಮರುವರ್ಷ ಅದರ ಚುಕ್ಕಾಣಿ ಹಿಡಿದ ಪರ್ಸಿ ಥ್ರೋವರ್, ವಿಂಡ್ಸರ್ ಅರಮನೆಯ ತೋಟದಲ್ಲಿ ಕೆಲಸ ಕಲಿತವರು, ಶ್ರೂಸ್‌ಬರಿಯ ಉದ್ಯಾನಗಳ ಮುಖ್ಯಾಧಿಕಾರಿಯಾಗಿದ್ದವರು. ಕೋಟು, ಟೈ, ಬಾಯಲ್ಲೊಂದು ಪೈಪು, ಕೈಯಲ್ಲಿ ಗುದ್ದಲಿ. ನಮ್ಮ ಊರಿನ ಹಳೆಯ ಹೆಡ್‌ಮಾಸ್ಟರರನ್ನು ನೆನಪಿಗೆ ತರುವ ಠೀವಿ. ಆ ಕಾಲದವರಲ್ಲಿ ಅನೇಕರು ‘ಥ್ರೋವರ್ ಹೇಳಿದ ಮೇಲೆ ಮುಗಿಯಿತು’ ಎನ್ನುವಂಥವರು. ಆದರೆ ರಾಸಾಯನಿಕಗಳನ್ನು ತಯಾರಿಸುವ ಐ.ಸಿ.ಐ. ಸಂಸ್ಥೆಯ ಜಾಹೀರಾತಿಗೆ ಅವರು ಒಪ್ಪಿದ್ದರಿಂದ ಬಿ.ಬಿ.ಸಿ. ಅವರನ್ನು ಕಾರ್ಯಕ್ರಮದಿಂದ ಬಿಡಿಸಿತು. ಪ್ರೇಕ್ಷಕರು ಇಬ್ಭಾಗವಾದರು. ದುಡಿದವನು ನಾಲ್ಕು ಕಾಸು ಸಂಪಾದಿಸಿದರೆ ತಪ್ಪೇನೆಂದು ಕೆಲವರು. ಗೊಬ್ಬರ ಮಾರುವವನು ಗೊಬ್ಬರದ ಬಗೆಗೆ ಬುದ್ಧಿ ಹೇಳಬಾರದೆಂದು ಕೆಲವರು. ನಾನು ಎರಡನೆಯ ಪಕ್ಷದವಳು. ವೈದ್ಯನೇ ಔಷಧದ ಅಂಗಡಿಯ ಪಾಲುದಾರನಾದರೆ ಚೀಟಿಯ ಮೇಲೆ ನಂಬಿಕೆ ಉಳಿಯುವುದು ಕಷ್ಟ.

1979ರಿಂದ 1996ರವರೆಗೆ ಬಂದ ಜೆಫ್ ಹ್ಯಾಮಿಲ್ಟನ್ ಅವರನ್ನು ಕುರಿತು ಮಾತ್ರ ಕೆಟ್ಟ ಮಾತು ಕೇಳಸಿಗುವುದು ಅಪರೂಪ. ರಟ್‌ಲಂಡ್ ಪ್ರಾಂತದ ಬಾರ್ನ್ಸ್‌ಡೇಲ್‌ನಲ್ಲಿದ್ದ ತಮ್ಮ ಸ್ವಂತ ತೋಟವನ್ನೇ ಅವರು ಪಾಠಶಾಲೆ ಮಾಡಿದರು. ಅಂಗಡಿಯಲ್ಲಿ ನೂರು ಪೌಂಡಿಗೆ ಸಿಗುವುದನ್ನು ಹಳೆಯ ಹಲಗೆ, ಮೊಳೆ, ಹಗ್ಗಗಳಿಂದ ಹತ್ತು ಪೌಂಡಿನಲ್ಲಿ ಮಾಡಿಕೊಳ್ಳುವ ಬಗೆಯನ್ನು ತೋರಿಸುವುದರಲ್ಲಿ ಅವರಿಗೆ ಮಕ್ಕಳಂಥ ಉತ್ಸಾಹ. ಈ ಜಾಣತನ ನಮ್ಮವರಿಗೆ ಎಷ್ಟು ಹಿಡಿಸಿತೆಂಬುದನ್ನು ವಿವರಿಸಬೇಕಾಗಿಲ್ಲ. ಹಳೆಯ ಎಣ್ಣೆ ಡಬ್ಬದಲ್ಲಿ ತುಳಸಿ ಬೆಳೆಸಿದ ಜನ ನಾವು. ಮೊದಲು ರಾಸಾಯನಿಕಗಳನ್ನು ಬಳಸುತ್ತಿದ್ದ ಹ್ಯಾಮಿಲ್ಟನ್ ಕ್ರಮೇಣ ಸಾವಯವ ಪದ್ಧತಿಗೆ ಹೊರಳಿದರು. ಜೌಗುನೆಲಗಳನ್ನು ಅಗೆದು ತೆಗೆಯುವ ಪೀಟ್ ಎಂಬ ಕಪ್ಪು ಮಣ್ಣನ್ನು ಕುಂಡಗಳಿಗೆ ಬಳಸಬಾರದೆಂದು ವಾದಿಸಿದರು. ಅವರಿಗೆ ಹಿಂದೆ ಇದೇ ಕಾರ್ಯಕ್ರಮ ನಡೆಸಿದ್ದ ಪೀಟರ್ ಸೀಬ್ರೂಕ್ ಪೀಟ್ ಪಕ್ಷಪಾತಿ. ಇಬ್ಬರೂ ಬೆಳೆಸುವುದರಲ್ಲಿ ಗಟ್ಟಿಗರೇ. ಪ್ರೇಕ್ಷಕರು ತಮ್ಮ ತಮ್ಮ ಗೊಬ್ಬರದ ಚೀಲವನ್ನು ನೋಡಿ ಪಕ್ಷ ಹಿಡಿದರು. 1996ರ ಆಗಸ್ಟಿನಲ್ಲಿ ವೇಲ್ಸ್‌ನಲ್ಲಿ ಧರ್ಮಾರ್ಥವಾಗಿ ನಡೆದ ಸೈಕಲ್ ಯಾತ್ರೆಯಲ್ಲಿರುವಾಗಲೇ ಹ್ಯಾಮಿಲ್ಟನ್ ತೀರಿಕೊಂಡರು. ನಮ್ಮ ಬೀದಿಯ ಒಬ್ಬ ವೃದ್ಧರು ಆ ವಾರ ಹುಲ್ಲು ಕತ್ತರಿಸಲಿಲ್ಲ. ಸ್ವಂತ ಸಹೋದರನಿಗೆ ಆಚರಿಸುವಂಥ ಸೂತಕ ಅದು.

ಅವರ ನಂತರ ಬಂದ ಅಲನ್ ಟಿಚ್‌ಮಾರ್ಷ್ ಯಾರ್ಕ್‌ಷೈರಿನ ಇಲ್ಕ್ಲಿಯವರು. ಹದಿನೈದನೆಯ ವಯಸ್ಸಿಗೆ ಪೌರಸಭೆಯ ಸಸ್ಯಕ್ಷೇತ್ರದಲ್ಲಿ ಕೆಲಸಕ್ಕೆ ಸೇರಿ, ಮುಂದೆ ಕ್ಯೂ ಉದ್ಯಾನದಲ್ಲಿ ವಿಧಿವತ್ತಾಗಿ ಕಲಿತವರು. ಅವರ ನಗೆಮುಖಕ್ಕೆ ಮರುಳಾದವರು ಲಕ್ಷಾಂತರ. ಆದರೆ 1997ರಿಂದ ಅವರು ‘ಗ್ರೌಂಡ್ ಫೋರ್ಸ್’ ಎಂಬ ಇನ್ನೊಂದು ಕಾರ್ಯಕ್ರಮವನ್ನೂ ನಡೆಸಿದರು. ಮನೆಯೊಡೆಯರು ಊರಿಗೆ ಹೋಗಿದ್ದಾಗ ಎರಡು ದಿನಗಳಲ್ಲಿ ಅಂಗಳದ ರೂಪವನ್ನೇ ಬದಲಿಸಿಬಿಡುವ ಪವಾಡ ಅದು! ನೆಲ್ಸನ್ ಮಂಡೇಲಾ ಅವರ ಕುನು ಗ್ರಾಮದ ಮನೆಯಂಗಳಕ್ಕೂ ಈ ತಂಡ ಹೋಗಿ ಬಂದಿತು. ತೋಟವೆಂದರೆ ಮುದುಕರ ಕಸುಬು ಎಂದುಕೊಂಡಿದ್ದ ಯುವಕರು ಗುದ್ದಲಿ ಹಿಡಿದದ್ದು ಇದರಿಂದಲೇ ಎಂದು ಅಭಿಮಾನಿಗಳು ಹೇಳುತ್ತಾರೆ. ಹಲಗೆ ಹಾಸಿ, ಬೆಣಚುಕಲ್ಲು ಸುರಿದು, ನೀರಿನ ಕಾರಂಜಿ ಇಟ್ಟರೆ ಅದು ತೋಟವಾಗದು, ಮದುವೆ ಮಂಟಪವಾದೀತು ಎಂದು ವಿರೋಧಿಗಳು. ಗಿಡಕ್ಕೆ ಬೇಕಾದದ್ದು ಕಾಲ. ಆ ಕಾಲವನ್ನೇ ತೆಗೆದುಹಾಕಿದ ಮೇಲೆ ಉಳಿಯುವುದು ಅಲಂಕಾರ ಮಾತ್ರ ಎಂದು ನಾನೂ ವಾದಿಸಿದ್ದುಂಟು. ಆದರೂ ಪ್ರತಿ ಸಂಚಿಕೆಯ ಕೊನೆಯಲ್ಲಿ ಮನೆಯೊಡತಿ ಬಾಯಿ ತೆರೆದು ನಿಲ್ಲುವುದನ್ನು ನೋಡುವ ಆಸೆಯನ್ನು ಬಿಟ್ಟವಳಲ್ಲ.

ಅದೇ ತಂಡದ ಚಾರ್ಲಿ ಡಿಮಕ್ ಕೊಳಗಳನ್ನೂ ಕಾರಂಜಿಗಳನ್ನೂ ಕಟ್ಟುವುದರಲ್ಲಿ ನಿಪುಣೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಲ್ಲು ಹೊರುವ ಆ ಹೆಣ್ಣುಮಗಳ ಕೊಳದ ಬಗೆಗೆ ಬಂದದ್ದಕ್ಕಿಂತ ಉಡುಪಿನ ಬಗೆಗೆ ಬಂದ ಟೀಕೆ ಟಿಪ್ಪಣಿಗಳೇ ಹೆಚ್ಚು. ರೇಚಲ್ ಡಿ ಟೇಮ್ ತೋಟಗಾರಿಕೆಯ ಶಾಲೆಯಲ್ಲಿ ಕಲಿತು ಬಂದವರು. ಹಿಂದೆ ರೂಪದರ್ಶಿಯಾಗಿದ್ದರೆಂಬ ಒಂದೇ ಕಾರಣಕ್ಕೆ ಅವರ ಉಗುರುಗಳಲ್ಲಿ ಮಣ್ಣಿದೆಯೇ ಎಂದು ಹುಡುಕುವವರಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಹೆಂಗಸರ ಕೈ ಕೆಸರಾದುದಕ್ಕೆ ಸಾಕ್ಷಿ ಕೇಳುವ ಜನ ಗಂಡಸರ ಕೈಯನ್ನು ಅಷ್ಟಾಗಿ ನೋಡುವುದಿಲ್ಲ. ಡೆವನ್ ಪ್ರಾಂತದಲ್ಲಿ ಸ್ವಂತ ಸಸ್ಯಕ್ಷೇತ್ರ ನಡೆಸಿ, ಚೆಲ್ಸಿ ಪ್ರದರ್ಶನದಲ್ಲಿ ಚಿನ್ನದ ಪದಕಗಳನ್ನು ಗೆದ್ದ ಕ್ಯಾರೊಲ್ ಕ್ಲೈನ್ ಅವರಿಗಿಂತ ಗಿಡಗಳನ್ನು ಬಲ್ಲ ನಿರೂಪಕರು ವಿರಳ. ಅವರ ಉತ್ಸಾಹದ ಏರುದನಿ ಕೆಲವರಿಗೆ ಕಿವಿಗೆ ಹಿತವಾಗದು. ನನಗೆ ಅದು ಸಂತೆಯಲ್ಲಿ ಗೆಳತಿ ಕೂಗಿ ಕರೆದಂತೆ. 2008ರಲ್ಲಿ ಮುಖ್ಯ ನಿರೂಪಕರ ಸ್ಥಾನ ತೆರವಾದಾಗ ಅದು ಅವರಿಗೇ ಸಲ್ಲಬೇಕೆಂದು ಅನೇಕರು ಬಯಸಿದರು. ಆಯ್ಕೆಯಾದವರು ಟೋಬಿ ಬಕ್‌ಲ್ಯಾಂಡ್. ಅವರು ಕೆಲಸ ಬಲ್ಲ ಸಂಭಾವಿತರು. ಆದರೆ ಅವರ ಕಾಲದಲ್ಲಿ ಕಾರ್ಯಕ್ರಮದ ರೂಪ ಬದಲಾಯಿತೆಂಬ ಅಸಮಾಧಾನವೆಲ್ಲ ಅವರ ತಲೆಯ ಮೇಲೆಯೇ ಬಿದ್ದಿತು. ಎರಡೇ ವರ್ಷಗಳಲ್ಲಿ ಅವರ ಸರದಿ ಮುಗಿಯಿತು.

ಈಗ ಎಲ್ಲರೂ ಕಾದಿರುವ ಹೆಸರಿಗೆ ಬರುತ್ತೇನೆ: ಮಾಂಟಿ ಡಾನ್. ತೋಟಗಾರಿಕೆಯಲ್ಲಿ ಯಾವ ಪದವಿಯೂ ಇಲ್ಲದ, ಕೇಂಬ್ರಿಜ್ಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ, ಮಡದಿಯೊಡನೆ ಆಭರಣದ ವ್ಯಾಪಾರ ಮಾಡಿ ಅದರಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಮನುಷ್ಯ. 2003ರಲ್ಲಿ ಮುಖ್ಯ ನಿರೂಪಕರಾದರು, 2008ರಲ್ಲಿ ಲಘು ಪಾರ್ಶ್ವವಾಯುವಿನಿಂದಾಗಿ ಹಿಂದೆ ಸರಿದರು, 2011ರಲ್ಲಿ ಮರಳಿ ಬಂದು ಹೆರಿಫರ್ಡ್‌ಷೈರಿನ ತಮ್ಮ ಲಾಂಗ್‌ಮೆಡೊ ತೋಟದಿಂದಲೇ ಕಾರ್ಯಕ್ರಮ ನಡೆಸತೊಡಗಿದರು. ಖಿನ್ನತೆಯೊಡನೆ ತಾವು ನಡೆಸಿದ ಹೋರಾಟವನ್ನೂ, ಮಣ್ಣು ತಮ್ಮನ್ನು ಹೇಗೆ ಎತ್ತಿ ನಿಲ್ಲಿಸಿತೆಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನೀಲಿ ಕೋಟು, ಕೊರಳಿಗೆ ಸ್ಕಾರ್ಫು, ಹಿಂದೆ ಮುಂದೆ ಸುಳಿಯುವ ನಾಯಿ. ಅವರ ನಾಯಿ ನೈಜಲ್ 2020ರಲ್ಲಿ ಸತ್ತಾಗ ಅದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಇವರ ವಿಷಯದಲ್ಲಿ ಮಧ್ಯಮ ಮಾರ್ಗವೇ ಇಲ್ಲ. ವಿಧವೆಯಾದ ನನ್ನ ಗೆಳತಿಯೊಬ್ಬರು ಶುಕ್ರವಾರ ಸಂಜೆ ಅವರ ಧ್ವನಿ ಕೇಳಿದರೆ ವಾರದ ಭಾರ ಇಳಿಯುತ್ತದೆ ಎನ್ನುತ್ತಾರೆ. ಅವರ ಬಳಿ ಹೂಕುಂಡಗಳಿರುವುದು ಮೂರೇ ಮೂರು. ನಮ್ಮ ಬಂಧುವೊಬ್ಬರು ಕೃಷಿ ವಿಜ್ಞಾನದಲ್ಲಿ ಪದವೀಧರರು. ‘ಎರಡು ಎಕರೆ ಜಮೀನು, ಸಹಾಯಕ್ಕೆ ಆಳು, ಮಾತಿಗೆ ಕಾವ್ಯ; ನನ್ನ ಹುಲ್ಲುಹಾಸಿನ ಹಾವಸೆಗೆ ಮದ್ದೇನೆಂದು ಕೇಳಿದರೆ ಉತ್ತರವಿಲ್ಲ’ ಎಂಬುದು ಅವರ ದೂರು. ನಮ್ಮಲ್ಲಿ ಗಮಕ ವಾಚನ ನಡೆಯುವಾಗ ಹಾಡುವವರೊಬ್ಬರು, ಅರ್ಥ ಹೇಳುವವರೊಬ್ಬರು ಇರುತ್ತಾರಷ್ಟೆ. ಸಭಿಕರಲ್ಲಿ ಕೆಲವರು ರಾಗಕ್ಕಾಗಿ ಬಂದವರು, ಕೆಲವರು ವ್ಯಾಖ್ಯಾನಕ್ಕಾಗಿ. ಹ್ಯಾಮಿಲ್ಟನ್ ವ್ಯಾಖ್ಯಾನಕಾರರು, ಡಾನ್ ಗಮಕಿಗಳು. ಗಮಕಿಯನ್ನು ಅರ್ಥ ಬಿಡಿಸಲಿಲ್ಲವೆಂದು ದೂರುವುದು ಸರಿಯಲ್ಲ. ಆದರೆ ವ್ಯಾಖ್ಯಾನಕಾರನನ್ನು ವೇದಿಕೆಯಿಂದ ಇಳಿಸಿ ಗಮಕಿಯನ್ನು ಮಾತ್ರ ಉಳಿಸಿದರೆ, ಹೊಸದಾಗಿ ಬಂದು ಕುಳಿತವನಿಗೆ ಕಥೆಯೇ ತಿಳಿಯದೆ ಹೋಗುವುದುಂಟು.

ಆ ಹೊಸದಾಗಿ ಬಂದು ಕುಳಿತವರು ನಾವು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ನಕ್ಷತ್ರದ ಲೆಕ್ಕದಲ್ಲಿ ಎಣಿಸಿ ಬಿತ್ತುವ ನಾಡಿನಿಂದ ಬಂದವರಿಗೆ, ಗುಡ್ ಫ್ರೈಡೆಯಂದು ಆಲೂಗೆಡ್ಡೆ ನೆಡುವ ನಾಡಿನ ಪಂಚಾಂಗವನ್ನು ಹೇಳಿಕೊಡುವವರು ಯಾರು? ಊರಿನಲ್ಲಿ ತಾಯಿ, ಅತ್ತೆ, ಅಜ್ಜಿಯರಿಂದ ಬಂದ ಹಿತ್ತಿಲಿನ ವಿದ್ಯೆ ಇಲ್ಲಿನ ಇಬ್ಬನಿ ಹೆಪ್ಪುಗಟ್ಟುವ ಏಪ್ರಿಲ್ ರಾತ್ರಿಯ ಮುಂದೆ ನಿಲ್ಲಲಿಲ್ಲ. ಆ ತಾಯಿಯ, ಅತ್ತೆಯ ಸ್ಥಾನವನ್ನು ಈ ನಿರೂಪಕರು ತುಂಬಿದರು. ಎಳೆಯ ಕುಂಬಳದ ಸಸಿಯನ್ನು ಮೇ ಕೊನೆಯವರೆಗೆ ಹೊರಗೆ ನೆಡಬೇಡಿರೆಂದು ಅವರು ಹೇಳಿದಾಗಲೆಲ್ಲ ನನಗೆ ರೋಹಿಣಿ ಮಳೆಯೂ ಅದೇ ವಾರ ಹಿಡಿಯುತ್ತದಲ್ಲವೇ ಎಂದು ಸೋಜಿಗವೆನಿಸುತ್ತದೆ. ಬೇರೆ ಬೇರೆ ಕಾರಣ, ಒಂದೇ ಮುಹೂರ್ತ. ಹಾಗೆ ನೋಡಿದರೆ ಕ್ಯೂ ಉದ್ಯಾನದ ಪಾಠ ಕನ್ನಡಿಗರಿಗೆ ಹೊಸದೂ ಅಲ್ಲ. 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮೆರಾನ್ ಕ್ಯೂನಿಂದ ಬಂದವರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಸಹ ಅಲ್ಲಿ ದುಡಿದವರು. ಅಂಥವರ ಕಾಲದಲ್ಲಿ ಹೊರದೇಶಗಳಿಂದ ಬಂದ ತರಕಾರಿಗಳಿಗೆ ನಮ್ಮ ಜನ ‘ಸೀಮೆ’ ಎಂಬ ವಿಶೇಷಣ ಅಂಟಿಸಿ ಅಡುಗೆಮನೆಗೆ ಸೇರಿಸಿಕೊಂಡರು. ಇಲ್ಲಿ ನಾವೇ ಸೀಮೆಬದನೆಗಳು.

ಅಮೆರಿಕದಿಂದ ಬಂದ ಪ್ರತಿನಿಧಿಗಳಿಗೂ ಈ ಕಥೆ ಅಪರಿಚಿತವಲ್ಲ. ಬಾಸ್ಟನ್ನಿನಿಂದ 1975ರಲ್ಲಿ ಆರಂಭವಾದ ‘ವಿಕ್ಟರಿ ಗಾರ್ಡನ್’ ಕಾರ್ಯಕ್ರಮದಲ್ಲಿ ಜೇಮ್ಸ್ ಕ್ರಾಕೆಟ್ ತರಕಾರಿ ಬೆಳೆಸಿದರು, ಮರಿಯನ್ ಮೊರಾಶ್ ಅದನ್ನು ಬೇಯಿಸಿ ತೋರಿಸಿದರು. ಬಾಬ್ ಥಾಮ್ಸನ್, ಅವರ ನಂತರ ಗಡ್ಡ ಮತ್ತು ಕೆಂಪು ಸಸ್ಪೆಂಡರುಗಳ ರೋಜರ್ ಸ್ವೇನ್. 2001ರ ನಂತರ ಬಂದವರು ವಿನ್ಯಾಸದ ಕಡೆಗೆ ಒಲಿದವರು. 2007ರಲ್ಲಿ ಆಸ್ಟ್ರೇಲಿಯದ ಜೇಮಿ ಡ್ಯೂರಿ. ಬದನೆ, ಬೀನ್ಸ್‌ಗಳ ಪಾಠ ಕಡಿಮೆಯಾಗಿ ಅಂಗಳದ ಸೊಬಗು ಹೆಚ್ಚಿತೆಂದು ನನ್ನ ಅಕ್ಕನ ಮಗಳು ನ್ಯೂ ಜೆರ್ಸಿಯಿಂದ ದೂರುತ್ತಿದ್ದಳು.

ಇಲ್ಲಿ ಮಾತ್ರ ಈಚೆಗೆ ಬೇರೊಂದು ಗಾಳಿ ಬೀಸಿದೆ. 2020ರ ಕೊರೋನಾ ದಿಗ್ಬಂಧನದಲ್ಲಿ ಚಿತ್ರೀಕರಣ ಕಷ್ಟವಾದಾಗ ಕಾರ್ಯಕ್ರಮದವರು ಪ್ರೇಕ್ಷಕರನ್ನೇ ತಮ್ಮ ತಮ್ಮ ತೋಟಗಳ ಚಿತ್ರ ತೆಗೆದು ಕಳುಹಿಸಲು ಕೇಳಿದರು. ಹಾಗೆ ಬೆಳಕಿಗೆ ಬಂದವರು ಸ್ವಾನ್ಸಿಯ ಸೂ ಕೆಂಟ್. ಹುಟ್ಟಿನಿಂದ ಕೈಗಳು ಗಿಡ್ಡವಾಗಿರುವ ಅವರು ಕಾಲುಗಳಿಂದಲೇ ಪಾತಿ ಮಾಡಿ ಸಸಿ ನೆಡುವುದನ್ನು ನೋಡಿದ ಮೇಲೆ ಸೊಂಟನೋವಿನ ನೆಪ ಹೇಳಲು ನಾಚಿಕೆಯಾಗುತ್ತದೆ. ‘ಬಿಗ್ ಅಲಾಟ್‌ಮೆಂಟ್ ಚಾಲೆಂಜ್’ ಸ್ಪರ್ಧೆಯಲ್ಲಿ ಕಾಣಿಸಿಕೊಂಡಿದ್ದ ಭಾರತೀಯ ಮೂಲದ ರೇಖಾ ಮಿಸ್ತ್ರಿ ‘ಗಾರ್ಡನರ್ಸ್ ವರ್ಲ್ಡ್’ನಲ್ಲಿಯೂ ಬಂದರು. ವಿನ್ಯಾಸಕಾರ ಮನೋಜ್ ಮಾಲ್ದೆ 2023ರ ಚೆಲ್ಸಿ ಪ್ರದರ್ಶನದಲ್ಲಿ ನಮ್ಮ ಕಣ್ಣಿಗೆ ಒಗ್ಗುವ ಗಾಢ ವರ್ಣಗಳ ತೋಟ ಕಟ್ಟಿದರು. ನೆರೆಯ ಇಂಗ್ಲಿಷ್ ಮಹಿಳೆಗೆ ಆ ಬಣ್ಣಗಳು ‘ಸ್ವಲ್ಪ ಹೆಚ್ಚಾದವು’. ನನ್ನ ಪತಿಗೆ ಸಾಲಲಿಲ್ಲ.

ಆದರೂ ಒಂದು ಕೊರತೆ ಉಳಿದಿದೆ. ಕುಂಡದ ಕರಿಬೇವನ್ನು ಇಲ್ಲಿನ ಚಳಿಗಾಲ ದಾಟಿಸುವ ಬಗೆಯನ್ನು ನಾನು ನೋಡಿದ ಸಂಚಿಕೆಗಳಲ್ಲಿ ಯಾವ ನಿರೂಪಕರೂ ಹೇಳಿಲ್ಲ. ನಮ್ಮಲ್ಲಿ ಅದನ್ನು ಬಲ್ಲವರು ಹತ್ತಾರು ಮಂದಿ ಇದ್ದಾರೆ: ಅಕ್ಟೋಬರಿನಲ್ಲಿ ಒಳಗೆ ತಂದು ಬೆಳಕಿನ ಕಿಟಕಿಯ ಬಳಿ ಇಡಬೇಕು, ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಬೇಕು, ಎಲೆಯೆಲ್ಲ ಉದುರಿದರೂ ಸತ್ತಿತೆಂದು ಎಸೆಯದೆ ತೊಗಟೆಯನ್ನು ಉಗುರಿನಿಂದ ಕೆರೆದು ಒಳಗೆ ಹಸಿರಿದೆಯೇ ನೋಡಬೇಕು, ವಸಂತದಲ್ಲಿ ತುದಿ ಕತ್ತರಿಸಬೇಕು. ಈ ಸಮ್ಮೇಳನಕ್ಕೆ ಬಂದವರಲ್ಲಿ ಯಾರಾದರೊಬ್ಬರು ಇದನ್ನು ಚಿತ್ರಿಸಿ ಆ ಕಾರ್ಯಕ್ರಮಕ್ಕೆ ಕಳುಹಿಸಲಿ ಎಂಬುದು ನನ್ನ ಕೋರಿಕೆ. ಧ್ವನಿ ಸರಿಯಿಲ್ಲ, ಉಡುಪು ಸರಿಯಿಲ್ಲ, ಕತ್ತರಿ ಹಿಡಿದ ರೀತಿ ಸರಿಯಿಲ್ಲ ಎಂದು ಹೇಳಲು ನಾವೆಲ್ಲ ಸೋಫಾದ ಮೇಲೆ ಸಿದ್ಧವಾಗಿ ಕುಳಿತಿರುತ್ತೇವೆ.