ಹೆಚ್ಚುವರಿ ಬ್ಯಾಟರಿ: ದೂರ ಪ್ರಯಾಣದ ಲಾಭ-ನಷ್ಟ

ಅರಸೀಕೆರೆಯಿಂದ ಸುಮಾರು 8 ಕಿ.ಮೀ. ದೂರದಲ್ಲಿರುವ ಹಾರನಹಳ್ಳಿಯು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳಿಂದ ಪ್ರಸಿದ್ಧವಾಗಿದೆ. ಕ್ರಿ.ಶ. 1235ರ ಸುಮಾರಿಗೆ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದವರು ಅರಸರಲ್ಲ. ಪೆದ್ದಣ್ಣ ಹೆಗ್ಗಡೆ, ಸೋವಣ್ಣ ಮತ್ತು ಕೇಸಣ್ಣ ಎಂಬ ಸಿರಿವಂತ ಸಹೋದರರು. ಇಂದಿಗೂ ಈ ಸೀಮೆಯ ಸಂಪತ್ತಿಗೆ ತೆಂಗು ಮತ್ತು ಕೊಬ್ಬರಿಯೇ ಆಧಾರ. ಇಲ್ಲಿನ ವರ್ತಕರ ವ್ಯವಹಾರ ಅರಸೀಕೆರೆ ಮಾರುಕಟ್ಟೆಗೆ ಸೀಮಿತವಾಗಿಲ್ಲ. ಜಾವಗಲ್, ಹಳೇಬೀಡು, ಬೇಲೂರುಗಳಲ್ಲಿ ಬಾಕಿ ವಸೂಲಿ, ಮಾಲಿನ ಪರೀಕ್ಷೆ, ಆರ್ಡರು ಸಂಗ್ರಹ ಇವೆಲ್ಲವೂ ದ್ವಿಚಕ್ರ ವಾಹನವನ್ನೇ ಅವಲಂಬಿಸಿವೆ.

ವಿದ್ಯುಚ್ಚಾಲಿತ ಸ್ಕೂಟರಿನ ಮಿತಿ ಗೋಚರವಾಗುವುದು ಇಂತಹ ಪ್ರಯಾಣಗಳಲ್ಲೇ. ಅರಸೀಕೆರೆಗೆ ನಿತ್ಯ ಎರಡು ಬಾರಿ ಹೋಗಿಬಂದರೂ ವಾಹನ ದಣಿಯದು. ಆದರೆ ಹಾರನಹಳ್ಳಿಯಿಂದ ಹಳೇಬೀಡಿನ ಮೂಲಕ ಬೇಲೂರಿಗೆ ಹೋಗಿ ಹಿಂದಿರುಗಲು ಸರಿಸುಮಾರು 100 ಕಿ.ಮೀ. ಕ್ರಮಿಸಬೇಕಾಗುತ್ತದೆ. ಆಗ ಸಹಜವಾಗಿಯೇ ಹೊಳೆಯುವ ಉಪಾಯವೆಂದರೆ ಚಾರ್ಜ್ ಆಗಿರುವ ಇನ್ನೊಂದು ಬ್ಯಾಟರಿಯನ್ನು ಜೊತೆಗೆ ಒಯ್ಯುವುದು. ಉಪಾಯ ಸರಳವಾದುದು; ಅದರ ಲೆಕ್ಕ ಅಷ್ಟು ಸರಳವಲ್ಲ.

ಬೈಸಿಕಲ್ಲಿಗೆ ಒಂದು ನ್ಯಾಯ, ಸ್ಕೂಟರಿಗೆ ಇನ್ನೊಂದು

ಬ್ಯಾಟರಿಯ ಶಕ್ತಿಯನ್ನು ತಿಳಿಯಲು ಅದರ ಮೇಲೆ ನಮೂದಾಗಿರುವ ವೋಲ್ಟ್ ಮತ್ತು ಆಂಪಿಯರ್-ಅವರ್ ಸಂಖ್ಯೆಗಳನ್ನು ಗುಣಿಸಿದರೆ ಸಾಕು. 36 ವೋಲ್ಟ್, 10 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ 360 ವಾಟ್-ಅವರ್ ಇರುತ್ತದೆ. ಸಾವಿರ ವಾಟ್-ಅವರ್ ಎಂದರೆ ವಿದ್ಯುತ್ ಬಿಲ್ಲಿನ ಒಂದು ಯೂನಿಟ್. ಪೆಡಲ್ ತುಳಿಯುತ್ತಾ ಸಾಗುವ ವಿದ್ಯುತ್ ಬೈಸಿಕಲ್ಲಿಗೆ ಕಿ.ಮೀ. ಒಂದಕ್ಕೆ 10ರಿಂದ 15 ವಾಟ್-ಅವರ್ ಬೇಕಾಗುತ್ತದೆ. ಹೀಗಾಗಿ ಎರಡು-ಮೂರು ಕಿಲೋ ತೂಗುವ ಇಂತಹದೊಂದು ಬ್ಯಾಟರಿಯನ್ನು ಕೈಚೀಲದಲ್ಲಿಟ್ಟುಕೊಂಡರೆ ಇನ್ನೂ 25-30 ಕಿ.ಮೀ. ಭರವಸೆ ದೊರೆಯುತ್ತದೆ. ಮೋಟಾರಿನ ಶಕ್ತಿ 250 ವಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿರುವ ಮಾನ್ಯತೆ ಪಡೆದ ಬೈಸಿಕಲ್ಲುಗಳಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಅಗತ್ಯವಿಲ್ಲ. ಹಳ್ಳಿಯಿಂದ ಹಳ್ಳಿಗೆ ತಿರುಗಿ ಬೀಡಾ, ಸೋಪು, ಅಗರಬತ್ತಿ ಪೂರೈಸುವ ಚಿಲ್ಲರೆ ವ್ಯಾಪಾರಿಗೆ ಬಿಡಿ ಬ್ಯಾಟರಿ ನಿಸ್ಸಂದೇಹವಾಗಿ ಒಪ್ಪುವ ವ್ಯವಸ್ಥೆ.

ಸ್ಕೂಟರಿನ ಮಾತು ಬೇರೆ. ಇಲ್ಲಿ ಕಿ.ಮೀ. ಒಂದಕ್ಕೆ 30-35 ವಾಟ್-ಅವರ್ ಖರ್ಚಾಗುತ್ತದೆ. ಎರಡು ಯೂನಿಟ್ ಹಿಡಿಯುವ ಬ್ಯಾಟರಿಯಿಂದ, ಸ್ವಲ್ಪ ಚಾರ್ಜನ್ನು ಆಪತ್ತಿಗೆಂದು ಉಳಿಸಿಕೊಂಡು ನೋಡಿದರೆ, 50 ಕಿ.ಮೀ. ನಿರೀಕ್ಷಿಸಬಹುದು. ಅದರ ತೂಕ ಹತ್ತು ಕಿಲೋಗಿಂತ ಹೆಚ್ಚು. ಈ ಭಾರವನ್ನು ಹಿಂಬದಿಯ ಕ್ಯಾರಿಯರಿನ ಮೇಲೆ ಎತ್ತರದಲ್ಲಿ ಕಟ್ಟಿದರೆ ತಿರುವುಗಳಲ್ಲಿ ವಾಹನ ಓಲಾಡುತ್ತದೆ. ಸೀಟಿನ ಕೆಳಗೆ ಅಥವಾ ಕಾಲಿಡುವ ಜಾಗದಲ್ಲಿ ಅಲುಗದಂತೆ ಬಿಗಿಯುವುದೇ ಕ್ಷೇಮ. ಅಲ್ಲದೆ ಎಲ್ಲ ಸ್ಕೂಟರುಗಳ ಬ್ಯಾಟರಿಯನ್ನೂ ಕಳಚಲು ಬರುವುದಿಲ್ಲ. ಬೆಂಗಳೂರಿನ ಏಥರ್ ಸಂಸ್ಥೆಯ ಸ್ಕೂಟರುಗಳಲ್ಲಿ ಬ್ಯಾಟರಿಯನ್ನು ವಾಹನದ ಒಡಲಿನಲ್ಲೇ ಸ್ಥಿರವಾಗಿ ಜೋಡಿಸಲಾಗಿರುತ್ತದೆ. ಹೀರೊ ಸಂಸ್ಥೆಯು 2022ರಲ್ಲಿ ಬಿಡುಗಡೆ ಮಾಡಿದ ವಿಡಾ ಸ್ಕೂಟರಿನಲ್ಲಿ ಕಳಚಿ ಮನೆಯೊಳಗೆ ಒಯ್ಯಬಹುದಾದ ಎರಡು ಬ್ಯಾಟರಿಗಳಿದ್ದವು.

ಇನ್ನೊಂದು ಎಚ್ಚರಿಕೆ ಅವಶ್ಯ. ಕೆಲವು ಮೆಕ್ಯಾನಿಕ್ಕರು ಎರಡೂ ಬ್ಯಾಟರಿಗಳನ್ನು ತಂತಿಯಿಂದ ಒಟ್ಟಿಗೆ ಜೋಡಿಸಿಕೊಡುವುದಾಗಿ ಹೇಳುವುದುಂಟು. ತುಂಬಿದ ಬ್ಯಾಟರಿಯನ್ನು ಬರಿದಾದುದಕ್ಕೆ ನೇರವಾಗಿ ಜೋಡಿಸಿದಾಗ, ತೂಬು ತೆಗೆದ ಕೆರೆಯ ನೀರಿನಂತೆ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ತಂತಿ ಕರಗುವುದಕ್ಕೂ ಬೆಂಕಿ ಹೊತ್ತಿಕೊಳ್ಳುವುದಕ್ಕೂ ಅಷ್ಟೇ ಸಾಕು. ಒಂದನ್ನು ಕಳಚಿ ಇನ್ನೊಂದನ್ನು ಹಾಕಬೇಕೇ ಹೊರತು ಎರಡನ್ನೂ ಬೆಸೆಯಬಾರದು.

ವಾರಕ್ಕೆಷ್ಟು ಬಾರಿ?

ಬಂಡವಾಳದ ದೃಷ್ಟಿಯಿಂದ ಇದೇ ಮುಖ್ಯ ಪ್ರಶ್ನೆ. ಉದಾಹರಣೆಗಾಗಿ, ಎರಡು ಯೂನಿಟ್ ಸಾಮರ್ಥ್ಯದ ಬಿಡಿ ಬ್ಯಾಟರಿಯ ಬೆಲೆ 30,000 ರೂ. ಎಂದಿಟ್ಟುಕೊಳ್ಳಬಹುದು. ಶೇ. 18ರ ಜಿಎಸ್‌ಟಿ ಸೇರಿ 35,400 ರೂ. ಆಗುತ್ತದೆ. ಬಾಳಿಕೆ ಐದು ವರ್ಷ, ಬಡ್ಡಿ ಶೇ. 10 ಎಂದು ಹಿಡಿದು, ತೊಡಗಿಸಿದ ಹಣ ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಹೋಗುವುದರಿಂದ ಸರಾಸರಿ ಅರ್ಧ ಮೊತ್ತಕ್ಕೆ ಮಾತ್ರ ಬಡ್ಡಿ ಹಾಕಿದರೂ 8,850 ರೂ. ಸೇರುತ್ತದೆ. ಒಟ್ಟು 44,250 ರೂ.

ವರ್ತಕನು ವಾರಕ್ಕೊಮ್ಮೆ ಮಾತ್ರ ಬೇಲೂರಿಗೆ ಹೋಗುವನೆಂದರೆ, ವರ್ಷಕ್ಕೆ 50ರಂತೆ ಐದು ವರ್ಷಗಳಲ್ಲಿ 250 ಬಾರಿ ಈ ಬ್ಯಾಟರಿ ದುಡಿಯುತ್ತದೆ. ಪ್ರತಿ ಬಾರಿ 50 ಕಿ.ಮೀ.ನಂತೆ 12,500 ಕಿ.ಮೀ. ಹೀಗೆ ಬಂಡವಾಳದ ವೆಚ್ಚವೇ ಕಿ.ಮೀ.ಗೆ 3 ರೂ. 54 ಪೈಸೆ ತಗಲುತ್ತದೆ. ಯೂನಿಟ್ಟಿಗೆ 8 ರೂ.ನಂತೆ, ಚಾರ್ಜಿಂಗ್ ನಷ್ಟವೂ ಸೇರಿ, ವಿದ್ಯುತ್ತಿಗೆ 37 ಪೈಸೆ. ಒಟ್ಟು 3 ರೂ. 91 ಪೈಸೆ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿಗೆ, ಪೆಟ್ರೋಲ್ ದರ 102 ರೂ. ಎಂದು ಹಿಡಿದರೆ, ಇಂಧನದ ಖರ್ಚು 2 ರೂ. 27 ಪೈಸೆ ಮಾತ್ರ! ಮನೆಯಲ್ಲಿ ಹಳೆಯ ಪೆಟ್ರೋಲ್ ವಾಹನವಿರುವವನು ಆ ಒಂದು ದಿನಕ್ಕೆ ಅದನ್ನೇ ಹೊರಗೆ ತೆಗೆಯುವುದು ಲಾಭಕರ.

ಅದೇ ಬ್ಯಾಟರಿ ವರ್ಷಕ್ಕೆ 300 ದಿನ ದುಡಿದು, ಸಾವಿರ ಬಾರಿ ಚಾರ್ಜ್ ಆಗಿ ಮೂರು ವರ್ಷ ನಾಲ್ಕು ತಿಂಗಳಲ್ಲೇ ಸವೆದುಹೋದರೂ, ಬಡ್ಡಿ ಮತ್ತು ವಿದ್ಯುತ್ ಸೇರಿ ಕಿ.ಮೀ.ಗೆ ಸುಮಾರು 1 ರೂ. 20 ಪೈಸೆಯಷ್ಟೇ ಬೀಳುತ್ತದೆ. ಈ ಎರಡರ ನಡುವೆ ಲಾಭನಷ್ಟ ಸಮವಾಗುವ ಹಂತವನ್ನು ಹುಡುಕಿದರೆ ಅದು ವರ್ಷಕ್ಕೆ ಸುಮಾರು 93 ಪ್ರಯಾಣ, ಅಂದರೆ ಹೆಚ್ಚು ಕಡಿಮೆ ವಾರಕ್ಕೆ ಎರಡು. ಪೆಟ್ರೋಲ್ ವಾಹನದ ಆಯಿಲ್, ಸರ್ವೀಸುಗಳನ್ನು ಸೇರಿಸಿದರೆ ಈ ಸಂಖ್ಯೆ ಸ್ವಲ್ಪ ಇಳಿಯಬಹುದು. ಬ್ಯಾಟರಿಯ ಸಾಮರ್ಥ್ಯ ಕ್ರಮೇಣ ಕುಗ್ಗುವುದನ್ನು ಗಣನೆಗೆ ತಂದರೆ ಮತ್ತೆ ಏರಬಹುದು. ಪ್ರತಿಯೊಬ್ಬ ವರ್ತಕನೂ ತನ್ನ ಊರಿನ ದರಗಳನ್ನಿಟ್ಟು ಗುಣಾಕಾರ ಮಾಡಿ ನೋಡತಕ್ಕದ್ದು.

ಬಳಸದೆ ಇಟ್ಟರೆ ಬ್ಯಾಟರಿ ಉಳಿಯುತ್ತದೆಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ಲಿಥಿಯಂ ಬ್ಯಾಟರಿ ದುಡಿದರೂ ಸವೆಯುತ್ತದೆ, ಕುಳಿತರೂ ಸವೆಯುತ್ತದೆ. ಪೂರ್ಣ ಚಾರ್ಜಿನಲ್ಲಿ, ಬಿಸಿ ಜಾಗದಲ್ಲಿ ತಿಂಗಳುಗಟ್ಟಲೆ ಇರಿಸಿದರೆ ಸವೆತ ಇನ್ನೂ ಹೆಚ್ಚು. ಆದುದರಿಂದ ಎರಡು ಬ್ಯಾಟರಿಗಳಿದ್ದವರು ಅವನ್ನು ಸರದಿಯ ಮೇಲೆ ಬಳಸುವುದು, ಬಹುಕಾಲ ಬಳಕೆಯಿಲ್ಲದಿದ್ದಲ್ಲಿ ಅರ್ಧ ಚಾರ್ಜಿನಲ್ಲಿ ತಂಪಾದ ಸ್ಥಳದಲ್ಲಿ ಇಡುವುದು ಉತ್ತಮ.

ತೆರಿಗೆಯ ಒಂದು ಸೂಕ್ಷ್ಮ

2019ರ ಆಗಸ್ಟ್ 1ರಿಂದ ವಿದ್ಯುಚ್ಚಾಲಿತ ವಾಹನಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಬ್ಯಾಟರಿ ಇಲ್ಲದೆ ಮಾರಾಟವಾಗುವ ವಾಹನಕ್ಕೂ ಇದೇ ದರ ಅನ್ವಯವಾಗುವುದೆಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿತು. ಆದರೆ ಪ್ರತ್ಯೇಕವಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ. 18. ಅಂದರೆ ಕಾರ್ಖಾನೆಯಿಂದಲೇ ಎರಡು ಬ್ಯಾಟರಿಗಳೊಂದಿಗೆ ಬರುವ ವಾಹನವನ್ನು ಕೊಂಡವನು ಎರಡರ ಮೇಲೂ ಶೇ. 5 ತೆರುತ್ತಾನೆ, ಎರಡನೆಯದನ್ನು ಮುಂದೆಂದೋ ಕೊಂಡವನು ಅದೇ ವಸ್ತುವಿಗೆ ಮೇಲಿನ ಉದಾಹರಣೆಯಲ್ಲಿ 3,900 ರೂ. ಹೆಚ್ಚು ತೆರುತ್ತಾನೆ. ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯೋಣವೆಂದರೆ, ವ್ಯಕ್ತಿಗಳ ಸಾಗಾಟಕ್ಕೆ ಬಳಸುವ ಸಣ್ಣ ವಾಹನಗಳಿಗೂ ಅವುಗಳ ದುರಸ್ತಿ-ನಿರ್ವಹಣೆಗೂ ಕಾಯಿದೆಯ ಕಲಂ 17(5) ಅಡ್ಡಬರುತ್ತದೆ. ಸರಕು ಸಾಗಣೆಯ ತ್ರಿಚಕ್ರ ವಾಹನಗಳಿಗೆ ಈ ನಿರ್ಬಂಧವಿಲ್ಲ. ದೂರದ ಸಂಚಾರ ನಿಶ್ಚಿತವೆಂದು ಮೊದಲೇ ಗೊತ್ತಿದ್ದಲ್ಲಿ, ವಾಹನ ಕೊಳ್ಳುವ ದಿನವೇ ದೊಡ್ಡ ಸಾಮರ್ಥ್ಯದ ಮಾದರಿಯನ್ನು ಆರಿಸುವುದು ಲೇಸು.

ಕೊಬ್ಬರಿ ಅಟ್ಟದ ಕೆಳಗೆ

ಹಣದ ಲೆಕ್ಕಕ್ಕಿಂತ ಗಂಭೀರವಾದ ವಿಷಯ ಬೇರೊಂದಿದೆ. ಅರಸೀಕೆರೆ-ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುವುದು ವಾಡಿಕೆ. ಕೆಳಗೆ ಗೋಣಿಚೀಲ, ಕರಟ, ನಾರು. ಕೊಬ್ಬರಿ ಎಣ್ಣೆಯಂಶದ ಪದಾರ್ಥ. ತಾನಾಗಿಯೇ ಕಾವೇರಬಲ್ಲ ಸರಕೆಂದು ಅಂತರರಾಷ್ಟ್ರೀಯ ಸಾಗಣೆ ನಿಯಮಗಳಲ್ಲಿ ಅದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಪ್ಲಗ್ ಪಾಯಿಂಟ್ ಇರುವ ಜಾಗವೆಂಬ ಒಂದೇ ಕಾರಣಕ್ಕೆ ಬಿಡಿ ಬ್ಯಾಟರಿಯನ್ನು ಇಂತಹ ಮಳಿಗೆಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬಾಗಿಲು ಎಳೆದುಕೊಂಡು ಹೋದರೆ, ಒಂದು ವರ್ಷದ ದುಡಿಮೆಯನ್ನೇ ಪಣಕ್ಕಿಟ್ಟಂತೆ.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ತರುವಾಯ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು. ಅದಕ್ಕೂ ಮುಂಚಿನ ದಾಸ್ತಾನು ಅಥವಾ ಬಿಲ್ಲಿಲ್ಲದ ಜೋಡಣೆಯ ಬ್ಯಾಟರಿ ಅಗ್ಗವಾಗಿ ದೊರೆತರೂ ಮುಟ್ಟಬಾರದು. ಚಾರ್ಜಿಂಗ್ ಜಾಗ ದಾಸ್ತಾನಿನಿಂದ ದೂರವಿರಬೇಕು. ಕಲ್ಲು ಅಥವಾ ಸಿಮೆಂಟಿನ ನೆಲ, ಗಾಳಿಯಾಡುವ ಸ್ಥಳ, ಎಚ್ಚರವಿರುವ ಹೊತ್ತು ಆಗಿರಬೇಕು. ಬಿಸಿಲಿನಲ್ಲಿ ಓಡಿ ಬಂದ ಬ್ಯಾಟರಿಯನ್ನು ಆರಲು ಬಿಟ್ಟೇ ಚಾರ್ಜಿಗೆ ಹಾಕಬೇಕು. ಮಳಿಗೆಗೆ ಅಗ್ನಿ ವಿಮೆ ಇದ್ದವರು ಈ ಹೊಸ ಬಳಕೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿಡುವುದು ಮೇಲು. ಸಾಗಿಸುವಾಗಲೂ ಅಷ್ಟೆ: ಬ್ಯಾಟರಿಯ ತುದಿಗಳನ್ನು ಮುಚ್ಚಿರಬೇಕು, ಬೀಗದ ಕೈ, ಚಿಲ್ಲರೆ ನಾಣ್ಯ, ಸ್ಪ್ಯಾನರುಗಳ ಜೊತೆ ಅದನ್ನು ಒಂದೇ ಚೀಲದಲ್ಲಿ ತುರುಕಬಾರದು. ಈ ಕೆಲಸಕ್ಕೆ ತಕ್ಕ ಮೆತ್ತೆಯೊಳಗಿನ, ಬೀಗವಿರುವ, ನೀರು ಹೋಗದ ಪೆಟ್ಟಿಗೆಗಳನ್ನೂ ಕಾಲಿಡುವ ಜಾಗಕ್ಕೆ ಬಿಗಿಯುವ ಚೌಕಟ್ಟುಗಳನ್ನೂ ತಯಾರಿಸುವುದು ಫ್ಯಾಬ್ರಿಕೇಷನ್ ಘಟಕಗಳಿಗೆ ಪರಿಶೀಲನಾರ್ಹ ಅವಕಾಶ.

ಹೊತ್ತೊಯ್ಯುವ ಬದಲು ದಾರಿಯಲ್ಲಿ

1672ರಲ್ಲಿ ಚಿಕ್ಕದೇವರಾಜ ಒಡೆಯರು ಆರಂಭಿಸಿದ ಮೈಸೂರು ಅಂಚೆಯ ಓಟಗಾರನು ತನ್ನ ಹಂತ ಮುಗಿದೊಡನೆ ಚೀಲವನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದನು. ಬ್ಯಾಟರಿ ವಿನಿಮಯ ಕೇಂದ್ರಗಳ ತತ್ವವೂ ಇದೇ. 1910ರ ದಶಕದಲ್ಲಿಯೇ ಅಮೆರಿಕದ ಹಾರ್ಟ್‌ಫರ್ಡ್ ವಿದ್ಯುತ್ ಕಂಪನಿಯು ವಿದ್ಯುತ್ ಲಾರಿಗಳಿಗೆ ಇಂತಹ ಸೇವೆ ನೀಡಿತ್ತು. ಅದೇ ಆಶಯದಿಂದ 2007ರಲ್ಲಿ ಹುಟ್ಟಿ ಕಾರುಗಳ ಬ್ಯಾಟರಿ ಬದಲಿಸಲು ಹೊರಟ ಬೆಟರ್ ಪ್ಲೇಸ್ ಸಂಸ್ಥೆ 2013ರಲ್ಲಿ ದಿವಾಳಿಯಾಯಿತು. ಗ್ರಾಹಕರ ಸಂಖ್ಯೆ ಸಾಲದೆ ದೊಡ್ಡ ಬಂಡವಾಳ ಕೇಂದ್ರಗಳಲ್ಲಿ ಕಟ್ಟಿಬಿದ್ದಿತ್ತು. ವಾಹನಗಳು ದಟ್ಟವಾಗಿರುವ ತೈವಾನಿನ ನಗರಗಳಲ್ಲಿ ಗೊಗೊರೊ ಸಂಸ್ಥೆಯ ಸ್ಕೂಟರ್ ಬ್ಯಾಟರಿ ಜಾಲ ಬೇರೂರಿತು. ಬೆಂಗಳೂರಿನಲ್ಲಿ ಸನ್ ಮೊಬಿಲಿಟಿ ಹುಟ್ಟಿದ್ದೂ, 2024ರಲ್ಲಿ ಅನಾವರಣಗೊಂಡ ಹೋಂಡಾದ ಆಕ್ಟಿವಾ ಇ ವಿನಿಮಯ ಕೇಂದ್ರಗಳನ್ನೇ ನೆಚ್ಚಿಕೊಂಡಿದ್ದೂ ನಗರದ ದಟ್ಟಣೆಯ ಬಲದಿಂದ. ಜಾವಗಲ್ ರಸ್ತೆಯಲ್ಲಿ ಆ ದಟ್ಟಣೆಯನ್ನು ಸದ್ಯಕ್ಕೆ ನಿರೀಕ್ಷಿಸಲಾಗದು.

ಆದರೆ ಅದರ ಸಣ್ಣ ರೂಪ ಅಸಾಧ್ಯವೇನಲ್ಲ. ವಿದ್ಯುತ್ ವಾಹನಗಳಿಗೆ ಚಾರ್ಜಿಂಗ್ ಸೇವೆ ಒದಗಿಸಲು ವಿದ್ಯುತ್ ವಿತರಣಾ ಪರವಾನಗಿ ಬೇಕಿಲ್ಲವೆಂದು ಕೇಂದ್ರ ಇಂಧನ ಸಚಿವಾಲಯವು 2018ರ ಏಪ್ರಿಲ್‌ನಲ್ಲಿಯೇ ಸ್ಪಷ್ಟಪಡಿಸಿದೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು, ಹಳೇಬೀಡಿನ ಹೋಟೆಲು, ಅಂಗಡಿಗಳವರಿಗೆ ಒಂದೆರಡು ಪ್ಲಗ್ ಪಾಯಿಂಟ್‌ಗಳು ಗಿರಾಕಿಯನ್ನು ಕೂರಿಸಿಕೊಳ್ಳುವ ಸಾಧನವಾಗಬಲ್ಲವು. ವಸೂಲಿಗೆ ಬಂದ ವರ್ತಕನು ಚಾರ್ಜರನ್ನು ಚೀಲದಲ್ಲಿ ತಂದಿದ್ದರೆ ಊಟ ಮತ್ತು ವ್ಯವಹಾರ ಮುಗಿಯುವ ಎರಡು ಗಂಟೆಯಲ್ಲಿ, 500 ವಾಟ್ ಚಾರ್ಜರಿನಿಂದ ಸುಮಾರು ಒಂದು ಯೂನಿಟ್, ಅಂದರೆ 25 ಕಿ.ಮೀ.ಗೂ ಮಿಗಿಲಾದ ದಾರಿಗೆ ಸಾಕಾಗುವಷ್ಟು ತುಂಬಿಕೊಳ್ಳುತ್ತದೆ. ಚಾರ್ಜರಿನ ತೂಕ ಬ್ಯಾಟರಿಯ ತೂಕಕ್ಕಿಂತ ಬಹಳ ಕಡಿಮೆ.

ಇನ್ನು, ಒಂದೇ ಮಾದರಿಯ ಸ್ಕೂಟರ್ ಹೊಂದಿರುವ ಮೂರು-ನಾಲ್ಕು ಮಂದಿ ವರ್ತಕರು ಪಾಲು ಹಾಕಿ ಕೊಂಡ ಒಂದು ಬ್ಯಾಟರಿಯನ್ನು ಜಾವಗಲ್ಲಿನ ಪರಿಚಿತ ಅಂಗಡಿಯಲ್ಲಿ ಇರಿಸಿದರೆ, ವಾರಕ್ಕೊಮ್ಮೆ ದುಡಿಯುತ್ತಿದ್ದ ಬಂಡವಾಳ ವಾರಕ್ಕೆ ನಾಲ್ಕು ಬಾರಿ ದುಡಿಯುತ್ತದೆ. ಹೋಗುವಾಗ ಬದಲಿಸಿಕೊಂಡ ಬ್ಯಾಟರಿಯನ್ನು ಹಿಂದಿರುಗುವಾಗ ಒಪ್ಪಿಸಿ, ಅಷ್ಟರಲ್ಲಿ ಚಾರ್ಜ್ ಆಗಿರುವ ತನ್ನದನ್ನು ಪಡೆದುಕೊಳ್ಳುವುದು ಇದರ ಕ್ರಮ. ಇದಕ್ಕೆ ಮೊದಲು ತಯಾರಕರನ್ನು ಎರಡು ವಿಷಯಗಳ ಬಗ್ಗೆ ಲಿಖಿತವಾಗಿ ಕೇಳತಕ್ಕದ್ದು: ಒಂದು ವಾಹನಕ್ಕೆ ನಮೂದಾದ ಬ್ಯಾಟರಿ ಇನ್ನೊಂದು ವಾಹನದಲ್ಲಿ ಕೆಲಸ ಮಾಡುವುದೇ, ಹಾಗೆ ಬಳಸಿದರೆ ವಾರಂಟಿ ಉಳಿಯುವುದೇ. ಅಂಗಡಿಯಲ್ಲಿ ಒಂದು ಪುಸ್ತಕವಿಟ್ಟು ಬ್ಯಾಟರಿಯ ಕ್ರಮಸಂಖ್ಯೆ, ಒಯ್ದವರ ಸಹಿ, ದಿನಾಂಕ ಮತ್ತು ಹಿಂತಿರುಗಿಸಿದ ವೇಳೆಯನ್ನು ಬರೆದಿಡಬೇಕು. ಪಾಲಿನ ಹಣ, ಅಂಗಡಿಯವರ ವಿದ್ಯುತ್ ವೆಚ್ಚ, ಬ್ಯಾಟರಿ ಕೆಟ್ಟಾಗ ನಷ್ಟ ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಮೊದಲೇ ಬರೆದು ಎಲ್ಲರೂ ಸಹಿ ಹಾಕಿದ ಮೇಲಷ್ಟೇ ಹಣ ಒಟ್ಟುಗೂಡಿಸುವುದು ಸೂಕ್ತ.